ದಿಣ್ಣೆಯ ಬಡಾವಣೆಯೂ ತಪ್ಪಲಿನ ಊರೂ: ನಗರಚರಿತ್ರೆಯ ಒಂದು ರೂಢಿಯನ್ನು ಕುರಿತ ವಿಮರ್ಶೆ

ಬೆಂಗಳೂರಿನ ಹಳೆಯ ಬಡಾವಣೆಗಳನ್ನು ಕುರಿತು ಇದುವರೆಗೆ ಬೆಳಕಿಗೆ ಬಂದಿರುವ ಬರೆಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುವವನಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಬರೆದವರು ಬೇರೆ ಬೇರೆ, ಕಾಲ ಬೇರೆ ಬೇರೆ, ಭಾಷೆಯೂ ಒಂದಲ್ಲ. ಆದರೂ ಆ ಬಡಾವಣೆಗಳ ಏಳಿಗೆಗೆ ಕೊಡುವ ಕಾರಣ ಮಾತ್ರ ಬಹುಮಟ್ಟಿಗೆ ಒಂದೇ. ನೆಲ ಎತ್ತರದ್ದು, ಗಾಳಿ ಶುದ್ಧವಾದುದು, ನೆಲಸಿದವರು ವಿದ್ಯಾವಂತರು. ಆದುದರಿಂದ ಅಲ್ಲಿಯ ಮನೆಗೆ ಬೆಲೆ ಬಂದಿತು. ಈ ವಿವರಣೆಯನ್ನು ನಮ್ಮ ವಿದ್ಯಾರ್ಥಿಗಳು ಪ್ರಶ್ನಿಸದೆ ಒಪ್ಪಿಕೊಳ್ಳುತ್ತಾರೆ. ಅಧ್ಯಾಪಕರಾದ ನಾವೂ ತರಗತಿಯಲ್ಲಿ ಅದನ್ನೇ ಹೇಳುತ್ತ ಬಂದಿದ್ದೇವೆ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕಾಗಿ ಎರಡು ಸ್ಥಳಗಳನ್ನು ಆರಿಸಿಕೊಂಡಿದ್ದೇನೆ. ಒಂದು ಬಸವನಗುಡಿ: ಬಂಡೆಗಳ ದಿಣ್ಣೆಯ ಮೇಲೆಯೂ ಅದರ ಇಳಿಜಾರಿನಲ್ಲಿಯೂ ಹಬ್ಬಿರುವ, ಶತಮಾನ ದಾಟಿದ, ಅನುಕೂಲಸ್ಥರ ಬಡಾವಣೆ. ಇನ್ನೊಂದು ಯಳಂದೂರು ತಾಲ್ಲೂಕಿನ ಮಾಂಬಳ್ಳಿ: ಪೂರ್ವದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುವ, ಸುವರ್ಣಾವತಿಯ ಬಯಲಿನ ರೇಷ್ಮೆಯ ಊರು. ಈ ಜೋಡಣೆ ಓದುಗರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಬೆಟ್ಟವೂ ಗಾಳಿಯೂ ಮನೆಗೆ ಬೆಲೆ ತರುವುದು ನಿಜವಾದರೆ, ಐದು ಸಾವಿರ ಅಡಿಗಳ ಸುಮಾರಿಗೆ ಏರುವ ಬೆಟ್ಟವನ್ನು ಎದುರಿಗಿಟ್ಟುಕೊಂಡ ಊರಿನಲ್ಲಿ ಅದರ ಕುರುಹು ಸ್ವಲ್ಪವಾದರೂ ಇರಬೇಕಷ್ಟೆ. ಬಸವನಗುಡಿಯ ದಿಣ್ಣೆಯನ್ನಾದರೋ ಮಾಂಬಳ್ಳಿಯವರು ಬೆಟ್ಟವೆಂದು ಕರೆಯಲಾರರು.

ಮೊದಲು ಬಸವನಗುಡಿಯ ಹುಟ್ಟನ್ನು ನೋಡೋಣ. ಪೇಟೆಯ ಇಕ್ಕಟ್ಟನ್ನು ತಗ್ಗಿಸುವ ಸಲುವಾಗಿ ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ, ಹೀಗೆ ಎರಡು ಬಡಾವಣೆಗಳನ್ನು ನಿರ್ಮಿಸುವ ಯೋಜನೆ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ (1883–1901) ರೂಪುಗೊಂಡಿತು. 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಆ ಯೋಜನೆಯನ್ನು ತ್ವರೆಗೊಳಿಸಿತು. ಅಗಲವಾದ ಬೀದಿಗಳು, ಗಾಳಿಬೆಳಕು ಆಡುವ ನಿವೇಶನಗಳು, ಸಮುದಾಯ ಸಮುದಾಯಕ್ಕೆ ಗೊತ್ತುಮಾಡಿದ ಪ್ರತ್ಯೇಕ ಭಾಗಗಳು, ಇವು ಅದರ ಲಕ್ಷಣಗಳು. ಕಡೆಯ ಅಂಶವನ್ನು ಬಡಾವಣೆಯ ಅಭಿಮಾನಿಗಳು ಮೆಲ್ಲನೆ ದಾಟಿಬಿಡುತ್ತಾರೆ. ನೆಲಸಿದವರು ವಿದ್ಯಾವಂತರಾಗಿದ್ದುದು ಆಕಸ್ಮಿಕವೇನೂ ಅಲ್ಲ. ಸರ್ಕಾರಿ ನೌಕರಿ ಯಾರಿಗೆ ದೊರೆತಿತ್ತೋ, ಕಂತಿನಲ್ಲಿ ಹಣ ಕಟ್ಟುವ ಚೈತನ್ಯ ಯಾರಿಗಿತ್ತೋ, ನಕ್ಷೆಯಲ್ಲಿ ಯಾರಿಗೆ ಜಾಗ ಬರೆದಿತ್ತೋ ಅವರು ಅಲ್ಲಿಗೆ ಬಂದರು.

ಬಡಾವಣೆಯ ಚರಿತ್ರೆಗಳು ಸಾಮಾನ್ಯವಾಗಿ ಬರಿಯ ಬಯಲಿನಿಂದ ಆರಂಭವಾಗುತ್ತವೆ. ಈ ಆರಂಭವೇ ತಪ್ಪು. ದೊಡ್ಡ ಬಸವಣ್ಣನಿರುವ ದಿಣ್ಣೆಯ ಸುತ್ತ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮುಂತಾದ ಹಳ್ಳಿಗಳಿದ್ದುವು. ಕಾರ್ತಿಕದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಆ ಹಳ್ಳಿಗಳ ರೈತರದು. ಪರಿಷೆಗೆ ಹೇಳುವ ಸ್ಥಳಕಥೆಯನ್ನು ಕೆಂಪೇಗೌಡರ ಕಾಲಕ್ಕೆ ಒಯ್ಯುವವರುಂಟು. ಕಡಲೆಕಾಯಿ ಅಮೆರಿಕ ಖಂಡದಿಂದ ಬಂದ ಬೆಳೆಯಾದುದರಿಂದ 1537ರ ಸುಮಾರಿಗೆ ಅದು ಈ ಇಳಿಜಾರಿನಲ್ಲಿ ಬೆಳೆದಿತ್ತೆಂದು ನಂಬುವುದು ಕಷ್ಟ. ಅದು ಹಾಗಿರಲಿ. ಕಥೆಯ ಕಾಲ ತಪ್ಪಾದರೂ ಅದರೊಳಗಿನ ಸಾಕ್ಷ್ಯ ಸರಿಯಾಗಿಯೇ ಇದೆ: ಇಲ್ಲಿ ಉತ್ತ ಹೊಲಗಳಿದ್ದುವು. ಸುಂಕೇನಹಳ್ಳಿಯ ಹೆಸರು ಮಹಾನಗರಪಾಲಿಕೆಯ ಒಂದು ವಾರ್ಡಿನ ಹೆಸರಾಗಿ ಇತ್ತೀಚಿನವರೆಗೂ ಉಳಿದುಬಂದಿತು. ಮಲ್ಲೇಶ್ವರದ ಕಡೆ ಇಷ್ಟು ಕೂಡ ಉಳಿಯಲಿಲ್ಲ. ಏಕೋಜಿಯು 1669ರಲ್ಲಿ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟ ಸಂಗತಿ ಕಾಡುಮಲ್ಲೇಶ್ವರದ ಬಳಿಯ ಶಾಸನದಿಂದ ತಿಳಿಯುತ್ತದೆ. ಆ ಹಳ್ಳಿಯ ಹೆಸರನ್ನು ಇಂದು ವಿಳಾಸದಲ್ಲಿ ಬರೆಯುವವರಿಲ್ಲ. ದಿಣ್ಣೆಯ ನೆಲ ಬಡಾವಣೆಯಾಗುವುದಕ್ಕೆ ಮುಂಚೆಯೂ ಅಷ್ಟೇ ಎತ್ತರವಾಗಿತ್ತು, ಗಾಳಿಯೂ ಅದೇ ಇತ್ತು. ಅಂದು ಅದು ಕಡಲೆಕಾಯಿ ಹೊಲದ ಬೆಲೆಯನ್ನು ಮೀರಲಿಲ್ಲ.

ಹಾಗಾದರೆ ಬೆಲೆ ಎಲ್ಲಿಂದ ಬಂದಿತು? ದಿಣ್ಣೆಗಳ ಮೇಲೆ ನಿಂತ, ನದಿಯಿಲ್ಲದ ಊರಿನಲ್ಲಿ ಮೊದಲ ಪ್ರಶ್ನೆ ನೀರಿನದು. 1890ರ ದಶಕದಲ್ಲಿ ಹೆಸರಘಟ್ಟದ ನೀರು ಬಂದಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಯದು. ಇವು ಅರ್ಕಾವತಿಯವು. ಅವೂ ಸಾಲದೆ ಹೋದಾಗ 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಪೂರೈಸಿ, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರಕ್ಕೆ, ಮೂರು ನೆಲೆಗಳಲ್ಲಿ ಯಂತ್ರಗಳಿಂದ ಎತ್ತಿದ ನೀರು ನಗರಕ್ಕೆ ಹರಿಯತೊಡಗಿತು. ಆ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ದೀಪದ ಕಥೆ ಇದಕ್ಕಿಂತ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 92 ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಹೊಸ ಬಡಾವಣೆಗಳ ಮನೆಗಳು ಪೇಟೆಯ ಮನೆಗಳಿಗಿಂತ ಹೆಚ್ಚಿನವೆನಿಸಿಕೊಂಡದ್ದು ಈ ನಲ್ಲಿಯಿಂದ, ಈ ದೀಪದಿಂದ, ಒಳಚರಂಡಿಯಿಂದ, ಹೊರತು ಗಾಳಿಯೊಂದರಿಂದಲೇ ಅಲ್ಲ.

ಇಲ್ಲಿ ಮಾಂಬಳ್ಳಿ ನಮ್ಮ ವಿಚಾರದೊಳಕ್ಕೆ ತಾನಾಗಿಯೇ ಬರುತ್ತದೆ. ಶಿವನಸಮುದ್ರವಾಗಲಿ ತೊರೆಕಾಡನಹಳ್ಳಿಯಾಗಲಿ ಮಾಂಬಳ್ಳಿಗೆ ದೂರವಲ್ಲ. ಕೊಳ್ಳೇಗಾಲವನ್ನು ದಾಟಿದರೆ ಆ ಸೀಮೆ. ಯಳಂದೂರಿನ ಬಯಲನ್ನು ಹಾಯ್ದು ಬರುವ ಸುವರ್ಣಾವತಿ, ಜನರ ಬಾಯಲ್ಲಿ ಹೊನ್ನುಹೊಳೆ, ಕೊಳ್ಳೇಗಾಲದ ಕಡೆ ಸಾಗಿ ಕಾವೇರಿಯನ್ನೇ ಕೂಡುತ್ತದೆ. ದಿಣ್ಣೆಯ ಬಡಾವಣೆಯ ಬೆಲೆಗೆ ಕಾರಣವಾದ ನೀರಿನ ಮತ್ತು ಬೆಳಕಿನ ಮೂಲ ಈ ತಪ್ಪಲಿನ ನಾಡಿನ ನೆರೆಯಲ್ಲಿದೆ. ಬಡಾವಣೆಯ ಚರಿತ್ರೆಯನ್ನು ಬಡಾವಣೆಯ ಎಲ್ಲೆಕಲ್ಲಿನೊಳಗೆ ಬರೆಯುವ ರೂಢಿಯಿಂದ ಕಣ್ಣಿಗೆ ಮರೆಯಾಗಿರುವುದು ಈ ಸಂಬಂಧ.

ಯಳಂದೂರು ಸೀಮೆಯನ್ನು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ವಂಶಪಾರಂಪರ್ಯವಾದ ಜಹಗೀರಾಗಿ ಕೊಡಲಾಯಿತು. ಆ ವಂಶದ ಐದನೆಯ ಜಹಗೀರುದಾರರು ಪಿ. ಎನ್. ಕೃಷ್ಣಮೂರ್ತಿಯವರು. ಇವರೇ 1901ರಿಂದ 1906ರವರೆಗೆ ಮೈಸೂರಿನ ದಿವಾನರು. ಶಿವನಸಮುದ್ರದ ಯಂತ್ರಗಳು ತಿರುಗತೊಡಗಿದ್ದು, ಬೆಂಗಳೂರಿನ ಬೀದಿದೀಪ ಹತ್ತಿದ್ದು, ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಏರ್ಪಟ್ಟದ್ದು, ಎಲ್ಲವೂ ಇವರ ಅಧಿಕಾರಾವಧಿಯಲ್ಲಿ. ನಗರದ ಚರಿತ್ರೆ ಇವರನ್ನು ದಿವಾನರೆಂದು ಬಲ್ಲುದು; ತಾಲ್ಲೂಕಿನ ಚರಿತ್ರೆ ಜಹಗೀರುದಾರರೆಂದು ಬಲ್ಲುದು. ಇಬ್ಬರೂ ಒಬ್ಬರೇ ಎಂಬುದನ್ನು ಎರಡು ಚರಿತ್ರೆಗಳೂ ಹೇಳುತ್ತವೆ, ಹೇಳಿ ಸುಮ್ಮನಾಗುತ್ತವೆ. ಒಬ್ಬನೇ ಆಡಳಿತಗಾರನ ಕೈಕೆಳಗೆ ಒಂದೆಡೆ ನಿವೇಶನವು ಕೊಳ್ಳುವ ಮಾರುವ ವಸ್ತುವಾಗುತ್ತಿತ್ತು, ಇನ್ನೊಂದೆಡೆ ಭೂಮಿ ಇನಾಂ ಹಕ್ಕಿನಲ್ಲಿ ಬಿಗಿದುಕೊಂಡಿತ್ತು ಎಂಬ ವೈದೃಶ್ಯ ಒಂದು ಪ್ರಬಂಧಕ್ಕೆ ಸಾಲುವಷ್ಟು ದೊಡ್ಡದು. ಇದಕ್ಕಾಗಿ ಕೃಷ್ಣಮೂರ್ತಿಯವರನ್ನು ದೂಷಿಸುವುದು ನನ್ನ ಅಭಿಪ್ರಾಯವಲ್ಲ. ಅವರ ಕಾಲದಲ್ಲಿ ಇವೆರಡೂ ಒಟ್ಟಿಗೆ ಇರತಕ್ಕವೆಂದೇ ಎಲ್ಲರ ಭಾವನೆಯಾಗಿತ್ತು. ಇನಾಂ ರದ್ದತಿಯ ಶಾಸನ ಬಂದುದು 1954ರಲ್ಲಿ. ಬಸವನಗುಡಿಯಲ್ಲಿ ನಿವೇಶನಗಳು ಮಗನಿಂದ ಮೊಮ್ಮಗನಿಗೆ ಇಳಿಯುತ್ತಿದ್ದ ಹೊತ್ತಿಗೆ ಯಳಂದೂರಿನ ರೈತ ತನ್ನ ಹೆಸರಿನಲ್ಲಿ ಪಟ್ಟೆ ನೋಡಬೇಕಾಗಿತ್ತು. ಮೇಲಾಗಿ ಪೂರ್ವದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನೆರೆಯೂರಿನ ವ್ಯಾಪಾರವೆಂದರೆ ಪರರಾಜ್ಯದ ವ್ಯಾಪಾರ. ತಪ್ಪಲಿನ ಮನೆಗೆ ಬೆಲೆಯಿಲ್ಲದೆ ಹೋದುದಕ್ಕೆ ಕಾರಣ ಇಂಥವುಗಳಲ್ಲಿದೆ.

ಇನ್ನು ಮನೆಯ ವಿಷಯ. ಬಸವನಗುಡಿಯ ಮನೆಗಳನ್ನು ಕುರಿತ ಬರೆಹಗಳಲ್ಲಿ ಎರಡು ಬಗೆಯುಂಟು. ಟಿ. ಪಿ. ಇಸ್ಸಾರ್ ಅವರ 1988ರ ‘ದಿ ಸಿಟಿ ಬ್ಯೂಟಿಫುಲ್’ ಮೊದಲಾದುವು ಮನೆಯ ಮೋರೆಯನ್ನು ನೋಡಿದುವು: ಮಂಕಿಟಾಪು, ಕೆಂಪು ಹೆಂಚು, ಜಗಲಿ, ಅಂಗಳದ ಗಿಡ. ಆ ಕೆಲಸ ಆಗದೆ ಇದ್ದಿದ್ದರೆ ಬಿದ್ದುಹೋದ ಎಷ್ಟೋ ಕಟ್ಟಡಗಳ ನೆನಪೂ ಉಳಿಯುತ್ತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಎರಡನೆಯವು ಸ್ಮರಣೆಗಳು, ಇವು ಮನೆಯೊಳಗಿನ ಹಿರಿಯರನ್ನು ನೋಡಿದುವು. ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯಂಥ ಘನವಾದ ವ್ಯಕ್ತಿಚಿತ್ರಗಳ ಪರಂಪರೆ ನಮ್ಮಲ್ಲಿರುವುದರಿಂದ ಅದರ ನೆರಳಿನಲ್ಲಿ ಬೆಳೆದ ಸಣ್ಣ ಸ್ಮರಣೆಗಳೂ ಹೇರಳವಾಗಿವೆ. ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆ, ಗಾಂಧಿಬಜಾರು, ಅಲ್ಲಿಯ ದೋಸೆ, ಸಂಜೆಯ ವಾಯುವಿಹಾರ, ಎಲ್ಲವೂ ಇವುಗಳಲ್ಲಿವೆ. ಆ ಮನೆಯನ್ನು ಎಷ್ಟಕ್ಕೆ ಕೊಂಡರು, ಸಾಲ ಯಾರು ಕೊಟ್ಟರು, ಹಿತ್ತಲಿನ ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದವರು ಯಾರು, ಅಡುಗೆಯವರೂ ಝಾಡಮಾಲಿಯೂ ಸಂಜೆ ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತಿದ್ದರು ಎಂಬುದು ಮಾತ್ರ ಸಾಮಾನ್ಯವಾಗಿ ಇಲ್ಲ. ಈ ಕೊರತೆಯನ್ನು ತುಂಬುವ ದಾರಿಯನ್ನು ಜಾನಕಿ ನಾಯರ್ ಅವರ ‘ದಿ ಪ್ರಾಮಿಸ್ ಆಫ್ ದಿ ಮೆಟ್ರೊಪೊಲಿಸ್’ (2005) ತೋರಿಸಿಕೊಟ್ಟಿತು. ನೆಲ, ಯೋಜನೆ, ಸಮುದಾಯಗಳ ಪೈಪೋಟಿ ಅದರಲ್ಲಿ ನಗರಚರಿತ್ರೆಯ ಮುಖ್ಯ ವಸ್ತುವಾದುವು. ಆದರೆ ಕನ್ನಡದ ಬರೆವಣಿಗೆಯಲ್ಲಿ ಅದರ ಪರಿಣಾಮ ಇನ್ನೂ ಸಾಕಷ್ಟು ಕಾಣುತ್ತಿಲ್ಲ.

ಸ್ಮರಣೆಗಳ ಸ್ಥಾಯೀಭಾವ ಶೋಕ. ದೊಡ್ಡ ಮನೆಗಳು ಒಡೆದುವು, ಮಹಡಿಗಳು ಎದ್ದುವು, ಅಂಗಳ ಹೋಯಿತು, ‘ನಮ್ಮವರು’ ಹೋದರು ಎಂಬ ಧಾಟಿ. ಈ ಶೋಕವನ್ನು ಹಗುರವಾಗಿ ಕಾಣಬಾರದು. ಆದರೂ ಮನೆಗಳು ಏಕೆ ಒಡೆದುವೆಂದು ಕೇಳಬೇಕು. ಹಣದಾಸೆ ಎಂದು ಸ್ಮರಣಕಾರರು ಉತ್ತರಿಸುತ್ತಾರೆ. ದಾಖಲೆಗಳ ಉತ್ತರ ಇಷ್ಟು ಸರಳವಲ್ಲ. 1961ರ ಬಾಡಿಗೆ ನಿಯಂತ್ರಣ ಶಾಸನದ ಕಾಲದಲ್ಲಿ ಹಳೆಯ ಬಾಡಿಗೆದಾರನನ್ನು ಬಿಡಿಸುವುದೂ ಬಾಡಿಗೆ ಏರಿಸುವುದೂ ಕಠಿನವಾಗಿ, ಮನೆಯೊಡೆಯರು ರಿಪೇರಿಗೆ ಕೈಹಾಕದೆ ಬಿಟ್ಟದ್ದುಂಟು. ಅದರ ಬದಲಿಗೆ ಹೊಸ ಬಾಡಿಗೆ ಶಾಸನ ಜಾರಿಗೆ ಬಂದುದು 2001ರ ಕಡೆಯ ದಿನ. ಪ್ರತ್ಯೇಕ ಮಹಡಿಮನೆಗಳ ಒಡೆತನಕ್ಕೆ ಕಾನೂನಿನ ನೆಲೆ ದೊರೆತುದು 1972ರಲ್ಲಿ. ಇವೆರಡಕ್ಕಿಂತಲೂ ಮುಖ್ಯವಾದುದು 1994ರ ತಿದ್ದುಪಡಿ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನವಾದ ಹುಟ್ಟುಹಕ್ಕನ್ನು ಕರ್ನಾಟಕ ಅಂದು ಕೊಟ್ಟಿತು. ಇಡೀ ದೇಶಕ್ಕೆ ಅದು ವಿಸ್ತರಿಸಿದ್ದು 2005ರಲ್ಲಿ. ಅಜ್ಜ ಕೊಂಡ ಒಂದೇ ನಿವೇಶನ, ಅದರ ಮೇಲೆ ಒಂದೇ ಮನೆ, ಹಕ್ಕುದಾರರು ಐವರು. ಒಬ್ಬಳು ಜಯನಗರದಲ್ಲಿ, ಒಬ್ಬ ಅಮೆರಿಕದಲ್ಲಿ. ಮನೆಯನ್ನು ಐದು ಸೀಳಾಗಿ ಮಾಡುವಂತಿಲ್ಲ. ಕಟ್ಟಡದ ಗುತ್ತಿಗೆದಾರನೊಂದಿಗೆ ಒಪ್ಪಂದ ಮಾಡಿಕೊಂಡು ಮಹಡಿಗಳನ್ನು ಎತ್ತಿ ಹಂಚಿಕೊಳ್ಳುವುದೇ ಪಾಲಿಗೆ ಉಳಿದ ದಾರಿ. ಸ್ಮರಣಕಾರರು ಸಂಸ್ಕೃತಿಯ ನಾಶವೆಂದು ಬಗೆದ ಕಟ್ಟಡಗಳಲ್ಲಿ ಕೆಲವಾದರೂ ಹೆಣ್ಣುಮಕ್ಕಳ ಪಾಲು ಇಟ್ಟಿಗೆಯ ರೂಪದಲ್ಲಿ ನಿಂತದ್ದು. ಹಳೆಯ ಮನೆ ಅಖಂಡವಾಗಿ ಉಳಿದಿದ್ದ ಕಾಲದಲ್ಲಿ ಆ ಪಾಲು ಯಾರ ಕೈಯಲ್ಲಿತ್ತು ಎಂಬುದನ್ನು ಯಾವ ಸ್ಮರಣೆಯೂ ಕೇಳಿಲ್ಲ.

ಇದರಿಂದ ಬೆಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ ಹುಟ್ಟುತ್ತದೆ. ಇಂಥ ನೆಲೆಗೊಂಡ ಬಡಾವಣೆಯಲ್ಲಿ ಮನೆ ಕೈಬದಲಾಗುವುದು ಮಾರಾಟದಿಂದ ಎಷ್ಟೋ, ಪಾಲು, ದಾನ, ಮರಣಶಾಸನಗಳಿಂದಲೂ ಅಷ್ಟೇ. ಕುಟುಂಬದೊಳಗಿನ ಪಾಲುಪತ್ರಕ್ಕೂ ದಾನಪತ್ರಕ್ಕೂ ನಿಗದಿಯಾದ ಸಣ್ಣ ಶುಲ್ಕ ಸಾಕಾದುದರಿಂದ ಅವುಗಳಲ್ಲಿ ಆಸ್ತಿಯ ನಿಜಬೆಲೆ ಕಾಣುವುದಿಲ್ಲ. ಕ್ರಯಪತ್ರದಲ್ಲಿ ಬರೆದ ಮೊತ್ತವಾದರೂ ಸರ್ಕಾರದ ಮಾರ್ಗಸೂಚಿ ಬೆಲೆಯ ಕಡೆಗೆ ಕಣ್ಣಿಟ್ಟು ಬರೆದದ್ದು. ನೋಂದಣಿ ಇಲಾಖೆಯ ಗಣಕವ್ಯವಸ್ಥೆಯ ಹೆಸರು ‘ಕಾವೇರಿ’. 2023ರಿಂದ ಅದರ ಎರಡನೆಯ ಆವೃತ್ತಿ ನಡೆಯುತ್ತಿದೆ. (ದಿಣ್ಣೆಯ ಮನೆಗೆ ನೀರು ಕೊಟ್ಟ ನದಿಯ ಹೆಸರೇ ಬೆಲೆಯ ಲೆಕ್ಕಕ್ಕೂ ಸಂದುದು ಕಾಕತಾಳೀಯ.) ಆ ದಾಖಲೆಗಳಿಂದ ಬಡಾವಣೆಯ ‘ಮಾರುಕಟ್ಟೆ ಬೆಲೆ’ಯನ್ನು ನೇರವಾಗಿ ಎತ್ತಿ ಬರೆಯುವ ವಿದ್ಯಾರ್ಥಿ, ಮಾರಿಕೊಂಡ ಕೆಲವರನ್ನು ನೋಡಿ ಉಳಿಸಿಕೊಂಡ ಹಲವರ ವಿಷಯ ತೀರ್ಪು ಹೇಳಿದಂತಾಗುತ್ತದೆ.

ಮಾಂಬಳ್ಳಿಯ ಮನೆಯನ್ನು ಕುರಿತು ಇಂಥ ಪುಸ್ತಕಗಳಿಲ್ಲ. ಮೋರೆಯನ್ನು ನೋಡಿದರೆ ವರ್ಣಿಸಲು ಹೆಚ್ಚೇನೂ ಸಿಕ್ಕದು. ಒಳಗೆ ಹೋಗಿ ನೋಡಬೇಕು. ರೇಷ್ಮೆಯ ಮನೆಯಲ್ಲಿ ನಡುಮನೆಯ ಯಜಮಾನಿಕೆ ಹುಳುಗಳದು. ಗೋಡೆಯುದ್ದಕ್ಕೂ ಅಟ್ಟಣೆ, ಅಟ್ಟಣೆಯ ಮೇಲೆ ಬಿದಿರಿನ ತಟ್ಟೆ, ತಟ್ಟೆಯಲ್ಲಿ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು. ಹುಳು ಜ್ವರಕ್ಕೆ ಕುಳಿತಾಗ ಮನೆಯವರು ಮೆಲ್ಲನೆ ನಡೆಯುತ್ತಾರೆ. ಹಣ್ಣಾದಾಗ ಚಂದ್ರಂಕಿಗಳನ್ನು ಹೊರಗೆ ನಿಲ್ಲಿಸಲು ಜಗಲಿಯೂ ಬೀದಿಯೂ ಬೇಕು. ಗಾಳಿಕಂಡಿ ಎಲ್ಲಿರಬೇಕು, ಬಾಗಿಲು ಯಾವ ಕಡೆ ಇರಬೇಕು ಎಂಬುದನ್ನು ನಿರ್ಧರಿಸುವುದು ಮನುಷ್ಯನ ಅನುಕೂಲಕ್ಕಿಂತ ಹೆಚ್ಚಾಗಿ ಹುಳುವಿನ ಆರೋಗ್ಯ. ಶುದ್ಧವಾದ ಗಾಳಿಗಾಗಿ ಮನೆ ಕಟ್ಟಿದವರು ಬಸವನಗುಡಿಯವರೊಬ್ಬರೇ ಅಲ್ಲ. ಇಲ್ಲಿ ಆ ಗಾಳಿಗೆ ಕ್ರಯಪತ್ರದಲ್ಲಿ ಬೆಲೆ ಬೀಳಲಿಲ್ಲ, ಗೂಡಿನ ಸಂತೆಯಲ್ಲಿ ಬಿದ್ದಿತು. ಸರ್ಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೂ ಮಾಂಬಳ್ಳಿಯಲ್ಲಿ ನಡೆಯಿತು. 1990ರ ದಶಕದ ಬಳಿಕ ಚೀಣೀ ರೇಷ್ಮೆಯ ಆಮದು ಹೆಚ್ಚಿ ಗೂಡಿನ ದರ ಏರಿಳಿಯತೊಡಗಿದಾಗ ಇಂಥ ಮನೆಗಳ ಉಪಯೋಗವೇ ಸಂದೇಹಕ್ಕೆ ಬಂದಿತು. ಹುಳು ಹೊರಟ ಮೇಲೆ ಮನೆಯ ಹುಡುಗರೂ ಹೊರಟರು.

ಜನಸಂಖ್ಯೆಯ ಲೆಕ್ಕವನ್ನು ಓದಬೇಕಾದುದು ಈ ಹಿನ್ನೆಲೆಯಲ್ಲಿ. 2011ರ ಗಣತಿಯಂತೆ ಚಾಮರಾಜನಗರ ಜಿಲ್ಲೆಯ ಜನ 10,20,791. ಹಿಂದಿನ ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ನೂರಕ್ಕೆ ಆರಕ್ಕಿಂತ ಕಡಮೆ. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ನೂರಕ್ಕೆ 47ರಷ್ಟು ಬೆಳೆಯಿತು. ಜನಸಾಂದ್ರತೆ ಬೆಂಗಳೂರಿನಲ್ಲಿ ಚದರ ಕಿಲೋಮೀಟರಿಗೆ ನಾಲ್ಕು ಸಾವಿರವನ್ನು ಮೀರಿದರೆ ಚಾಮರಾಜನಗರದಲ್ಲಿ 181. ಈ ಅಂಕಿಗಳನ್ನು ಅಕ್ಕಪಕ್ಕ ಬರೆದು, ಅಲ್ಲಿ ನೆಲಕ್ಕೆ ಬರ, ಇಲ್ಲಿ ನೆಲ ಧಾರಾಳ ಎಂದು ತೀರ್ಮಾನಿಸುವುದು ಪಠ್ಯಪುಸ್ತಕಗಳ ಕ್ರಮ. ಆದರೆ ಈ ಜಿಲ್ಲೆಯ ಬಹುಭಾಗ ಅರಣ್ಯ. ಸುಮಾರು ನೂರು ಚದರ ಮೈಲಿಯ ಸಣ್ಣ ತಾಲ್ಲೂಕಾದ ಯಳಂದೂರಿನಲ್ಲಿಯೂ ಪೂರ್ವಾರ್ಧ ಬೆಟ್ಟಕಾಡು. ಅದು ಈಗ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ತಾಲ್ಲೂಕಿನ ಜನ, ಬೆಟ್ಟದ ಸೋಲಿಗರ ಪೋಡುಗಳನ್ನು ಬಿಟ್ಟರೆ, ನಾಲೆಗಳ ಪಶ್ಚಿಮದ ಕಿರಿದಾದ ಬಯಲಿನಲ್ಲಿ ಒತ್ತೊತ್ತಾಗಿ ಇದ್ದಾರೆ. ಇಡೀ ಜಿಲ್ಲೆಯ ಸರಾಸರಿ ಮಾಂಬಳ್ಳಿಯ ಬೀದಿಯ ಇಕ್ಕಟ್ಟನ್ನು ಕಾಡಿನ ಹಸುರಿನಿಂದ ಮುಚ್ಚಿಬಿಡುತ್ತದೆ. ಹಾಗೆಯೇ ಬೆಂಗಳೂರಿನ ಸರಾಸರಿ ಹೊರವಲಯದ ಉಬ್ಬರವನ್ನು ಬಸವನಗುಡಿಗೂ ಹಚ್ಚುತ್ತದೆ. ನಗರದ ಒಳಗಣ ಹಳೆಯ ಬಡಾವಣೆಗಳ ಬೆಳವಣಿಗೆ ಹೊರವಲಯದ ಮುಂದೆ ತೀರ ಅಲ್ಪ.

ಬೀಗ ಹಾಕಿದ ಮನೆಯ ಪ್ರಶ್ನೆಯೂ ಇಂಥದೇ. 2011ರ ಗಣತಿ ದೇಶದಲ್ಲಿ 33 ಕೋಟಿಗೂ ಮಿಕ್ಕಿ ಮನೆಗಳನ್ನೆಣಿಸಿ ಅವುಗಳಲ್ಲಿ ಸುಮಾರು 2.46 ಕೋಟಿ ಖಾಲಿ ಎಂದಿತು. ಪಟ್ಟಿಯಲ್ಲಿ ಖಾಲಿ ಮನೆ ಬೇರೆ, ಒಕ್ಕಲಿದ್ದು ಬೀಗ ಹಾಕಿದ ಮನೆ ಬೇರೆ ಎಂಬ ಭೇದವುಂಟು. ಖಾಲಿಯಾದ ಕಾರಣಕ್ಕೆ ಕಾಲಮ್ಮಿಲ್ಲ. ಬಸವನಗುಡಿಯಲ್ಲಿ ಮಕ್ಕಳು ವಿದೇಶದಲ್ಲಿ ನೆಲಸಿ, ತಂದೆತಾಯಿ ತೀರಿಕೊಂಡು, ಪಾಲು ಇತ್ಯರ್ಥವಾಗದೆ ನಿಂತ ಮನೆಯುಂಟು. ಮಾಂಬಳ್ಳಿಯ ಕಡೆ, ಒಕ್ಕಲು ಪೂರ್ತಿಯಾಗಿ ಬೆಂಗಳೂರಿಗೆ ಕೂಲಿಗೆಂದೋ ಕಾವಲು ಕೆಲಸಕ್ಕೆಂದೋ ಹೊರಟು, ಹಬ್ಬಕ್ಕೆ ಮಾತ್ರ ತೆರೆಯುವ ಮನೆಯುಂಟು. ಮೊದಲನೆಯದು ವರ್ಷ ವರ್ಷಕ್ಕೆ ಬೆಲೆಯೇರುತ್ತ ಕಾಯುತ್ತದೆ, ಎರಡನೆಯದು ಮಳೆಗೆ ಕರಗುತ್ತ ಕಾಯುತ್ತದೆ. ಗಣತಿಯಲ್ಲಿ ಇವೆರಡೂ ಒಂದೊಂದು ಸಂಖ್ಯೆ. ಕಟ್ಟಡದ ಕೆಲಸಕ್ಕೆ ಹೋದವನು ಕಟ್ಟುತ್ತಿರುವುದು ಆ ಮೊದಲನೆಯ ಮನೆಯ ಜಾಗದಲ್ಲಿ ಏಳುವ ಮಹಡಿಗಳನ್ನೇ ಆಗಿದ್ದರೂ ಆಶ್ಚರ್ಯವಿಲ್ಲ. 2021ರ ಗಣತಿ ಆ ವರ್ಷ ನಡೆಯದೆ ಮುಂದಕ್ಕೆ ಹೋದುದರಿಂದ ಕಳೆದ ದಶಕದ ವಲಸೆಯ ವಿಷಯದಲ್ಲಿ ಅನುಮಾನಗಳನ್ನೇ ಅಂಕಿಗಳೆಂದು ಬಳಸುವ ಅಭ್ಯಾಸವೂ ಬೆಳೆದಿದೆ. ಅದನ್ನು ಸಂಶೋಧಕರು ದೂರವಿಡಬೇಕು.

ವೃದ್ಧರ ವಿಷಯವನ್ನೂ ಇಲ್ಲಿಯೇ ಹೇಳಬಹುದು. ಹಳೆಯ ಬಡಾವಣೆಗಳು ಮುದುಕರ ಊರಾಗುತ್ತಿವೆ ಎಂಬ ಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಒಟ್ಟು ಫಲವಂತಿಕೆಯ ಪ್ರಮಾಣವನ್ನು 1.7 ಎಂದು ಕಂಡಿದೆ. ವಾರ್ಧಕ್ಯ ದಿಣ್ಣೆಯ ಮೇಲಿನವರ ಸ್ವತ್ತೇನೂ ಅಲ್ಲ. ಒಂದು ಕಡೆ ಪಿಂಚಣಿಯೂ ಮನೆಯ ಬೆಲೆಯೂ ವೃದ್ಧರಿಗೆ ಆಸರೆ. ಇನ್ನೊಂದು ಕಡೆ ಊರಿಗೆ ಬರುವ ಹಣ ಆಸರೆ, ಮನೆ ಆಸರೆಯಲ್ಲ. ಈ ವ್ಯತ್ಯಾಸವನ್ನು ಗುರುತಿಸದೆ ‘ನಗರದ ಒಂಟಿ ವೃದ್ಧರು’ ಎಂಬ ಶೀರ್ಷಿಕೆಯ ಕೆಳಗೆ ಬರೆಯುವ ಪ್ರಬಂಧಗಳು ಅರ್ಧ ಚಿತ್ರವನ್ನು ಕೊಡುತ್ತವೆ.

ಸ್ನಾತಕೋತ್ತರ ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಹಳೆಯ ಬಡಾವಣೆಗಳನ್ನು ಆರಿಸಿಕೊಳ್ಳುವವರಿಗೆ ಒಂದು ಸೂಚನೆ ಕೊಡಬಹುದೆಂದು ತೋರುತ್ತದೆ. ನಕ್ಷೆಗಳನ್ನೂ ಸ್ಮರಣೆಗಳನ್ನೂ ಅವರು ಹೇಗೂ ನೋಡುತ್ತಾರೆ. ಅದರೊಂದಿಗೆ ರಾಜ್ಯ ಪತ್ರಾಗಾರದಲ್ಲಿರುವ 1901–06ರ ಸರ್ಕಾರಿ ಕಡತಗಳನ್ನು ಮುಂದಿಟ್ಟುಕೊಂಡು ತಂತಿಗೂ ಕೊಳಾಯಿಗೂ ಆದ ವೆಚ್ಚ ಯಾವ ಬಾಬಿನಿಂದ ಬಂದಿತು, ನಿವೇಶನದಾರರಿಂದ ವಸೂಲಾದುದು ಎಷ್ಟು, ಉಳಿದುದು ಯಾವ ತಾಲ್ಲೂಕುಗಳ ಕಂದಾಯದಿಂದ ತುಂಬಿತು ಎಂಬುದನ್ನು ಎತ್ತಿ ಬರೆಯಲಿ. ಯಳಂದೂರು ಕಡೆಯವರಾದರೆ ಇನಾಂ ರದ್ದತಿಯ ನಂತರದ ಮರುಮಂಜೂರಾತಿ ದಾಖಲೆಗಳನ್ನೂ, ರೇಷ್ಮೆಯ ಮನೆಗಳಲ್ಲಿ ಇನ್ನೂ ತಟ್ಟೆ ಕಟ್ಟುತ್ತಿರುವ ಹಿರಿಯ ಹೆಂಗಸರ ಮಾತುಗಳನ್ನೂ ಮೊದಲು ಸಂಗ್ರಹಿಸುವುದು ಒಳ್ಳೆಯದು. ಕಡತಗಳು ಇನ್ನೂ ಕೆಲವು ವರ್ಷ ಕಾಯಬಲ್ಲುವು.